ಮಳೆಗಾಲದಲ್ಲಿ ಓಡಿದ ಕೋಣ

ಬೊಳ್ಳ, ಕಾಳೆ ಎಂಬ ಎರಡು ಎಳೆಯ ಕೋಣಗಳನ್ನು ಜಾರಪ್ಪಣ್ಣ ಕಂಬಳದ ಓಟಕ್ಕೆಂದು ಜೋಡಿ ಮಾಡಿದ್ದ. ಮಳೆಗಾಲದಲ್ಲಿ ಕಂಬಳವಿಲ್ಲ. ಆಗ ಅವನು ಅವನ್ನು ಕೆರೆಯಲ್ಲಿ ಈಜಲು ಬಿಟ್ಟು, ಸಂಜೆ ಮೈಗೆ ಎಣ್ಣೆ ತಿಕ್ಕುತ್ತಿದ್ದ.

ಯಜಮಾನ ಬೆನ್ನು ತಿರುಗಿಸಿದ ಕೂಡಲೇ ಬೊಳ್ಳ ದಡ ಹತ್ತಿ ಗದ್ದೆಯಲ್ಲಿ ಓಡತೊಡಗುತ್ತಿತ್ತು.

"ನೀರಿಗೆ ಬಾ, ಇದು ಮೈ ಚೇತರಿಸಿಕೊಳ್ಳುವ ಕಾಲ," ಎಂದಿತು ಕಾಳೆ.

"ಈ ವರ್ಷ ನಮ್ಮ ಮೊದಲ ಕಂಬಳ. ತೇಲುತ್ತಾ ಬಿದ್ದುಕೊಂಡವರಿಗೆ ಯಾರು ಪದಕ ಕೊಡುತ್ತಾರೆ?"

"ನಿನ್ನ ಮುಂಗಾಲು ಬಾತಿದೆಯಲ್ಲ!"

"ಬಾತರೆ ಬಾತುಕೊಳ್ಳಲಿ. ಯಜಮಾನನಿಗೆ ಹೇಳಬೇಡ."

ಎಣ್ಣೆ ತಿಕ್ಕುವಾಗ ಜಾರಪ್ಪಣ್ಣನ ಕೈ ಆ ಕಾಲಿಗೆ ತಾಗಿದರೂ ಬೊಳ್ಳ ಹಲ್ಲು ಕಚ್ಚಿ ಅಲ್ಲಾಡದೆ ನಿಂತಿತು. ಕಾಳೆಯೂ ಸುಮ್ಮನಿತ್ತು.

ಕಂಬಳದ ದಿನ ಬಂತು. ಅರ್ಧ ದಾರಿಯವರೆಗೂ ಅವೇ ಮುಂದೆ. ಜನ ಕೇಕೆ ಹಾಕುತ್ತಿದ್ದರು. ಅಷ್ಟರಲ್ಲಿ ಬೊಳ್ಳನ ಮುಂಗಾಲು ಲಟ್ಟೆಂದು ಮಡಚಿಕೊಂಡಿತು. ಎರಡಕ್ಕೂ ನೊಗ ಒಂದೇ. ಕಾಳೆಯೂ ಮುಗ್ಗರಿಸಿ ಕೆಸರಿಗೆ ಬಿತ್ತು. ಕೇಕೆ ಗಕ್ಕನೆ ನಿಂತಿತು. ಜಾರಪ್ಪಣ್ಣ ತಲೆ ಮೇಲೆ ಕೈಯಿಟ್ಟುಕೊಂಡು ಕಲ್ಲಾಗಿ ನಿಂತ. ಪಕ್ಕದ ಜೋಡಿ ಗುರಿ ಮುಟ್ಟಿದ್ದನ್ನು ಯಾರೂ ನೋಡಲಿಲ್ಲ.

ಬೊಳ್ಳ ತನ್ನದೇ ಕಾಲನ್ನು ಬೇರೆ ಯಾರದೋ ಎಂಬಂತೆ ದಿಟ್ಟಿಸಿತು. "ಇದು ಹೇಗಾಯಿತು? ನಾನು ಒಂದು ದಿನವೂ ಓಟ ನಿಲ್ಲಿಸಲಿಲ್ಲವಲ್ಲ!"

ಕಾಳೆ ಕೆಸರಿನಿಂದ ಮುಖ ಎತ್ತಿತು. "ಅದಕ್ಕೇ ಮಾರಾಯ. ಇವತ್ತಿನ ಓಟವನ್ನೂ ನೀನು ಮಳೆಗಾಲದಲ್ಲೇ ಓಡಿ ಮುಗಿಸಿಬಿಟ್ಟೆ. ನನ್ನ ಪಾಲಿನದನ್ನೂ."