ಹೊಳೆಗಿಳಿಸಿದ ಪೆಟ್ಟಿಗೆ

ಜಾದೂಗಾರ ಕರಿಬಸಯ್ಯನವರು ಎಪ್ಪತ್ತು ದಾಟಿದ ಮೇಲೆ ರಂಗ ಬಿಟ್ಟು, ತುಂಗಭದ್ರೆಯ ದಂಡೆಯಲ್ಲಿ ಒಂದು ಹೆಂಚಿನ ಮನೆ ಮಾಡಿಕೊಂಡರು. ವಿದ್ಯೆ ಬೇಕೆಂದು ಬಂದವರು ಅಲ್ಲೇ ಉಂಡು, ಅಲ್ಲೇ ಮಲಗಿ ಕಲಿಯುತ್ತಿದ್ದರು. ಊರವರು ಅದನ್ನು ಮಠ ಎಂದರು. ಆ ಮಠಕ್ಕೆ ಹೋದರೆ ಮೋಕ್ಷ ಸಿಗುತ್ತದೋ ಇಲ್ಲವೋ, ಜೇಬಿನ ಕರವಸ್ತ್ರವಂತೂ ಮತ್ತೆ ಸಿಗುವುದಿಲ್ಲ ಎಂದು ನಗುತ್ತಿದ್ದರು.

ನೀಲಮ್ಮ ಅವರ ಶಿಷ್ಯೆ. ಹನ್ನೆರಡು ವರ್ಷ ಗುರುಗಳ ತಂಡದಲ್ಲಿದ್ದವಳು, ಈಗ ಶಾಲೆಯಿಂದ ಶಾಲೆಗೆ ಹೋಗಿ ತಾನೇ ಆಟ ತೋರಿಸುವವಳು. ಮಕ್ಕಳಿಗೆಂದು ಗುರುಗಳ ಜೀವನಚರಿತ್ರೆ ಬರೆದಿದ್ದಳು. ಸೋಮವಾರ ಅದು ಅಚ್ಚಿಗೆ ಹೋಗಬೇಕು.

ಶನಿವಾರ ಬೆಳಿಗ್ಗೆ ಅವಳು ಹಸ್ತಪ್ರತಿಯನ್ನು ಎದೆಗವಚಿಕೊಂಡು ಪಡಸಾಲೆಗೆ ನುಗ್ಗಿದಳು.

ಗುರುಗಳು ಅವಳ ಕಾಲು ನೋಡಿದರು. ಅವಳು ಹಿಂದಕ್ಕೆ ಹೋಗಿ ಚಪ್ಪಲಿ ಬಿಟ್ಟು ಬಂದಳು.

"ಗುರುಗಳೇ, ಅಪ್ಪಣೆ ಕೊಡಿ. ಹೊಳೆ ಪೆಟ್ಟಿಗೆಯ ಗುಟ್ಟನ್ನು ಪುಸ್ತಕದಲ್ಲಿ ಬರೆದುಬಿಡುತ್ತೇನೆ."

ಹೊಳೆ ಪೆಟ್ಟಿಗೆ ಎಂದರೆ ಆ ಸೀಮೆಯ ಮುದುಕರು ಈಗಲೂ ಎದ್ದು ಕೂರುತ್ತಾರೆ. ಕೈಕಾಲಿಗೆ ಸರಪಳಿ ಬಿಗಿದು, ಮರದ ಪೆಟ್ಟಿಗೆಯಲ್ಲಿ ಕೂರಿಸಿ, ಬೀಗ ಜಡಿದು, ಸೇತುವೆಯ ಮೇಲಿಂದ ಹಗ್ಗ ಕಟ್ಟಿ ಹೊಳೆಗೆ ಇಳಿಸುವುದು. ಜನ ಉಸಿರು ಹಿಡಿದು ತೊಂಬತ್ತು ಎಣಿಸುವುದರೊಳಗೆ ಕರಿಬಸಯ್ಯನವರು ದಂಡೆಯ ಮೇಲೆ ಪಂಚೆ ಹಿಂಡುತ್ತಾ ನಿಂತಿರುತ್ತಿದ್ದರು.

ಅದರ ಗುಟ್ಟು ಹೇಳುವುದಿಲ್ಲವೆಂದು ಶಿಷ್ಯರೆಲ್ಲ ದೀಪ ಮುಟ್ಟಿ ಆಣೆ ಮಾಡಬೇಕು. ಮಾತು ತಪ್ಪಿದವರಿಗೆ ಆ ಮನೆಯ ಹೊಸಿಲು ಮತ್ತೆ ಇಲ್ಲ. ನೀಲಮ್ಮ ಇದು ಗೊತ್ತಿದ್ದೇ ಬಂದಿದ್ದಳು.

ಏನಾಯಿತೆಂದು ಗುರುಗಳು ಕೇಳಿದರು. ಅವಳು ನಿಂತಲ್ಲೇ ಹೇಳಿದಳು. ಎಂಟು ವರ್ಷದ ಮಗಳು ಚಿನ್ಮಯಿ ಹಸ್ತಪ್ರತಿ ಓದಿದ್ದಾಳೆ. ಓದಿದವಳು ಹಾಸಿಗೆ ಇಡುವ ಕಬ್ಬಿಣದ ಟ್ರಂಕಿನೊಳಗೆ ಕೂತು ಮುಚ್ಚಳ ಎಳೆದುಕೊಂಡಿದ್ದಾಳೆ. ಚಿಲಕ ತಾನಾಗಿ ಬಿದ್ದಿದೆ. ಕಂಬಳಿ ತೆಗೆಯಲೆಂದು ಅತ್ತೆ ಆ ಹೊತ್ತಿಗೆ ಬಾರದೆ ಇದ್ದಿದ್ದರೆ, ಎಂದಳು.

"ಈಗ ಹೇಗಿದ್ದಾಳೆ?"

"ಅತ್ತೆಯ ಕಣ್ಣೆದುರು ಕುಂಟೆಬಿಲ್ಲೆ ಆಡುತ್ತಿದ್ದಾಳೆ. ನಾನೇ ಅವಳೊಬ್ಬಳನ್ನೇ ಬಿಟ್ಟು ನೀರು ತರಲಿಕ್ಕೂ ಹೋಗುತ್ತಿಲ್ಲ."

ಆ ಅಧ್ಯಾಯವನ್ನೇ ಕಿತ್ತುಹಾಕು ಎಂದರು ಗುರುಗಳು. ಅದಿಲ್ಲದೆ ಕರಿಬಸಯ್ಯನ ಕಥೆ ಏನು ಉಳಿಯುತ್ತದೆ ಎಂದಳು ಅವಳು. ಎರಡು ಸಾವಿರ ಪ್ರತಿ ಶಾಲೆಗಳಿಗೆ ಹೋಗುತ್ತದೆ. ಎರಡು ಸಾವಿರ ಮನೆ, ಎರಡು ಸಾವಿರ ಟ್ರಂಕು. ಎಲ್ಲ ಮನೆಯಲ್ಲೂ ಸರಿಯಾದ ಹೊತ್ತಿಗೆ ಕಂಬಳಿ ಬೇಕಾಗುತ್ತದೆಯೇ? ಪೆಟ್ಟಿಗೆಯಲ್ಲಿ ಒಳಗಿನಿಂದ ಸರಿಸುವ ಕಳ್ಳಹಲಗೆ ಇದೆ ಎಂದು ಗೊತ್ತಾದರೆ ಯಾವ ಮಗುವೂ ಮನೆಯ ಟ್ರಂಕಿಗೆ ಇಳಿಯುವುದಿಲ್ಲ.

ಗುರುಗಳು ಎದ್ದರು. ಪಡಸಾಲೆಯ ಮೂಲೆಯಲ್ಲಿ ಆ ಹಳೆಯ ಪೆಟ್ಟಿಗೆಯೇ ಇತ್ತು. ಮೇಲಿದ್ದ ಹಪ್ಪಳದ ಡಬ್ಬಿಗಳನ್ನು ಒಂದೊಂದಾಗಿ ಕೆಳಗಿಟ್ಟರು.

"ಒಳಗೆ ಕೂತುಕೋ."

ನೀಲಮ್ಮ ಕೂತಳು. ಅವಳೂ ಎಷ್ಟೋ ಸಲ ಅದರಿಂದ ಹೊರಬಂದವಳೇ. ಮುಚ್ಚಳ ಬಿತ್ತು. ಬೀಗ ಕಚ್ಚಿದ ಸದ್ದು. ಆಮೇಲೆ ಗುರುಗಳ ಹೆಜ್ಜೆ ದೂರ ಹೋದ ಸದ್ದು.

ಅವಳು ಹಲಗೆಗೆ ಕೈ ಹಾಕಿದಳು. ಹಲಗೆ ಇರಬೇಕಾದಲ್ಲಿ ಕೈಗೆ ಸಿಗಲಿಲ್ಲ. ಎಡಕ್ಕೆ ತಡವಿದಳು, ಬಲಕ್ಕೆ ತಡವಿದಳು. ಮಗಳೂ ಹೀಗೇ ತಡವಿರಬೇಕು ಎನ್ನಿಸಿತು. ಆ ಯೋಚನೆ ಬಂದದ್ದೇ ಬೆರಳುಗಳು ಅವಳ ಮಾತು ಕೇಳುವುದನ್ನು ಬಿಟ್ಟವು.

"ಗುರುಗಳೇ," ಎಂದಳು. ಉತ್ತರವಿಲ್ಲ. ಮತ್ತೆ ಕರೆದಳು. ಮೂರನೆಯ ಸಲ ಕರೆದಾಗ ಅದು ಕೂಗಾಗಿತ್ತು.

ಮುಚ್ಚಳದ ಮೇಲೆ ಯಾರೋ ಎರಡು ಸಲ ಬಡಿದರು.

"ಇಲ್ಲೇ ಇದ್ದೇನೆ," ಎಂದರು ಗುರುಗಳು.

ಬೀಗ ಅವರು ತೆಗೆಯಲಿಲ್ಲ. ಅವಳ ಕೈ ತಾನಾಗಿ ಹಲಗೆಗೆ ಹೋಯಿತು. ಹೊರಗೆ ಬಂದು ಗೋಡೆಗೊರಗಿ ಕೂತಳು. ಬೆವರಿನಲ್ಲಿ ರವಿಕೆ ತೊಯ್ದುಹೋಗಿತ್ತು.

"ಗುಟ್ಟು ನಿನಗೆ ಗೊತ್ತಿತ್ತಲ್ಲ?"

"ಗೊತ್ತಿತ್ತು."

"ಮತ್ತೆ?"

"ನೀವು ಹೋಗಿಬಿಟ್ಟಿರಿ ಅಂದುಕೊಂಡೆ."

ಗುರುಗಳು ಅವಳಿಗೆ ನೀರು ಕೊಟ್ಟರು. ಕುಡಿದಾದ ಮೇಲೆ ಆ ಅಧ್ಯಾಯ ಓದು ಎಂದರು. ಅವಳು ಓದಿದಳು. 'ಭಯವೆಂದರೇನೆಂದೇ ಅರಿಯದ ಕರಿಬಸಯ್ಯನವರು, ಯಾರ ನೆರವೂ ಇಲ್ಲದೆ, ಒಬ್ಬರೇ ಸಾವಿನ ಪೆಟ್ಟಿಗೆಗೆ ಇಳಿದರು.'

"ನಿನ್ನ ಮಗಳು ಟ್ರಂಕಿಗೆ ಇಳಿದದ್ದು ಯಾವಾಗ?"

"ನಾನು ಹೊರಗೆ ಹೋಗುವುದನ್ನೇ ಕಾದು."

"ಯಾಕೆ ಕಾದಳು?"

ನೀಲಮ್ಮ ಕೈಯಲ್ಲಿದ್ದ ಹಾಳೆಯನ್ನು ನೋಡಿದಳು. 'ಯಾರ ನೆರವೂ ಇಲ್ಲದೆ' ಎಂಬಲ್ಲಿ ಅವಳ ಬೆರಳು ನಿಂತಿತು.

"ಸೇತುವೆಯ ಕೆಳಗೆ ಯಾರಿರುತ್ತಿದ್ದರು?" ಎಂದು ಗುರುಗಳು ಕೇಳಿದರು.

"ಅಂಬಿಗರ ದುರುಗಪ್ಪ."

ಈ ದುರುಗಪ್ಪನ ವಿಷಯ ತಂಡದವರಿಗೆಲ್ಲ ಗೊತ್ತಿತ್ತು, ಹೊರಗಿನ ಒಬ್ಬರಿಗೂ ಗೊತ್ತಿರಲಿಲ್ಲ. ಆಟದ ದಿನ ಅವನು ಹರಿಗೋಲಿನಲ್ಲಿ ಬಲೆ ಹರವಿಕೊಂಡು ಕೂತಿರುತ್ತಿದ್ದ. ಮೀನು ಹಿಡಿಯುವವನೆಂದು ಜನ ತಿಳಿದಿದ್ದರು. ಬಲೆಯ ಕೆಳಗೆ ಕೊಡಲಿ ಇರುತ್ತಿತ್ತು. ತೊಂಬತ್ತು ದಾಟಿದರೆ ಪೆಟ್ಟಿಗೆಯನ್ನು ಎಳೆದು ಒಡೆಯುವುದು ಅವನ ಕೆಲಸ.

"ಅವನನ್ನು ಯಾಕೆ ಬರೆಯಲಿಲ್ಲ?"

"ಅವನು ಜನಕ್ಕೆ ಕಾಣಬಾರದು ಅಂತ ನೀವೇ ಕಲಿಸಿದ್ದು, ಗುರುಗಳೇ."

ಗುರುಗಳು ಅವಳ ಎದುರಿಗೆ ಕೂತರು.

"ಆಟಕ್ಕೆ ಕಲಿಸಿದ್ದೆ," ಎಂದರು. "ನೀನು ತಂಡಕ್ಕೆ ಬರುವ ಮೊದಲು, ಅಭ್ಯಾಸದ ಹೊತ್ತಿನಲ್ಲಿ, ಅವನು ಆ ಕೊಡಲಿಯಿಂದ ಎರಡು ಸಲ ಪೆಟ್ಟಿಗೆ ಒಡೆದಿದ್ದಾನೆ. ಅವನಿಗೆ ಮಲೇರಿಯಾ ಬಂದ ವರ್ಷ ನಾನು ಹೊಳೆಯ ಹತ್ತಿರವೇ ಸುಳಿಯಲಿಲ್ಲ. ಮುಚ್ಚಳ ಹಾಕುವ ಮುಂಚೆ ಪ್ರತಿ ಸಲ ಬಗ್ಗಿ ನೋಡುತ್ತಿದ್ದೆ. ಜನ ಗಂಗಮ್ಮನಿಗೆ ಕೈಮುಗಿಯುತ್ತಾನೆ ಅಂದುಕೊಂಡರು. ನಾನು ಹರಿಗೋಲು ಬಂದಿದೆಯೋ ಇಲ್ಲವೋ ನೋಡುತ್ತಿದ್ದೆ."

ನೀಲಮ್ಮ ಪೆನ್ಸಿಲ್ ತೆಗೆದಳು. ಮಧ್ಯಾಹ್ನದ ಊಟಕ್ಕೆ ಕರೆದರೂ ಏಳಲಿಲ್ಲ. ಗುಟ್ಟನ್ನು ಬರೆಯಲಿಲ್ಲ. 'ಯಾರ ನೆರವೂ ಇಲ್ಲದೆ' ಎಂಬುದನ್ನು ಹಾಳೆ ಹರಿಯುವಷ್ಟು ಹೊಡೆದುಹಾಕಿದಳು. ಒಬ್ಬರೇ ಇಳಿದಿದ್ದರೆ ಗುರುಗಳು ಎರಡು ಸಲ ಸಾಯುತ್ತಿದ್ದರು ಎಂದು ಬರೆದಳು. ಬರೆದದ್ದನ್ನು ಗುರುಗಳಿಗೆ ಓದಿ ಹೇಳಿದಳು, ಆದರೂ ಅವಳ ಮುಖದ ಗಂಟು ಬಿಚ್ಚಲಿಲ್ಲ.

"ಮಕ್ಕಳು ನಿಮ್ಮನ್ನು ಪುಕ್ಕಲ ಅಂದುಕೊಂಡರೆ?"

"ಅಂದುಕೊಳ್ಳಲಿ."

ಅವಳು ಹಾಳೆಗಳನ್ನು ಜೋಡಿಸಿಕೊಂಡು ಎದ್ದಳು. ಬಾಗಿಲ ತನಕ ಹೋದವಳು ತಿರುಗಿ ನಿಂತು, ಪ್ರಕಾಶಕರು ಮುಖಪುಟಕ್ಕೆ ಗುರುಗಳ ಒಂದು ಗಂಭೀರವಾದ ಫೋಟೋ ಕೇಳಿದ್ದಾರೆ, ಯಾವುದನ್ನು ಕೊಡಲಿ ಎಂದಳು.

ಗುರುಗಳು ಹಪ್ಪಳದ ಡಬ್ಬಿಗಳನ್ನು ಮತ್ತೆ ಪೆಟ್ಟಿಗೆಯ ಮೇಲೆ ಜೋಡಿಸುತ್ತಿದ್ದರು.

"ಹರಿಗೋಲಿನಲ್ಲಿ ಕೂತ ದುರುಗಪ್ಪನ ಚಿತ್ರ ಬರೆಸು. ನಾನು ಪೆಟ್ಟಿಗೆಯೊಳಗಿದ್ದೇನೆ. ಕಾಣದಿದ್ದರೂ ನಡೆಯುತ್ತದೆ."