ಬ್ಯಾಟರಿ ಆರಿಸಿದಿರಾ?

“ಗುರುವೇ, ನಾಳೆ ನಮ್ಮ ಕೂಲಿಗಳ ಸಂಘಕ್ಕೆ ಮುಂದಾಳನ್ನು ಆರಿಸಬೇಕು. ಒಬ್ಬ ಎಲ್ಲವನ್ನೂ ಕೊಡಿಸುತ್ತೇನೆ ಅನ್ನುತ್ತಾನೆ. ಇನ್ನೊಬ್ಬ ಕೈಲಾದಷ್ಟು ಮಾಡುತ್ತೇನೆ ಅನ್ನುತ್ತಾನೆ. ಯಾರನ್ನು ಆರಿಸಿದರೆ ನಮಗೆ ಬೆಳಕು?”

ಶಿಷ್ಯನ ಈ ಪ್ರಶ್ನೆಗೆ ಗುರು ಒಂದು ಕತೆ ಹೇಳಿದ.

ಒಂದು ಕಾಲುವೆ ಇತ್ತು. ಅದು ಗುಡ್ಡದ ಅಡಿಯಲ್ಲಿ ಸುರಂಗವಾಗಿ ಹಾದುಹೋಗುತ್ತಿತ್ತು. ಬೇಸಿಗೆಯಲ್ಲಿ ನೀರು ನಿಲ್ಲಿಸಿ ಸುರಂಗದ ಹೂಳು ತೆಗೆಸುತ್ತಿದ್ದರು. ಕೂಲಿಗಳು ಒಳಗೆ ಹೋಗಿ ಮರಳನ್ನು ಬುಟ್ಟಿಗೆ ತುಂಬಿ ಹೊತ್ತು ತಂದು ದಿಬ್ಬದ ಮೇಲೆ ಸುರಿಯುತ್ತಿದ್ದರು. ಒಳಗೆ ಹಗಲೆಂಬುದಿಲ್ಲ. ಒಬ್ಬೊಬ್ಬರ ಕೈಯಲ್ಲೂ ಮುಷ್ಟಿಯೊಳಗೆ ಅಡಗುವಂಥ ಪುಟ್ಟ ಟಾರ್ಚು. ಅಲ್ಲಿಯವರು ಟಾರ್ಚಿಗೂ ಬ್ಯಾಟರಿ ಅನ್ನುತ್ತಿದ್ದರು, ಅದರೊಳಗೆ ಹಾಕುವುದಕ್ಕೂ ಬ್ಯಾಟರಿ ಅನ್ನುತ್ತಿದ್ದರು.

ನೀರು ಬಿಡುವ ಮುಂಚೆ ತೂಬು ಕಾಯುವವನು ಸುರಂಗದ ಬಾಯಲ್ಲಿ ಬಗ್ಗಿ ನೋಡುತ್ತಿದ್ದ. ಬೆಳಕು ಕಂಡರೆ ಒಳಗೆ ಆಳಿದ್ದಾರೆ. ಕತ್ತಲೆ ಕಂಡರೆ ಯಾರೂ ಇಲ್ಲ. ಆಮೇಲೆ ಒಮ್ಮೆ ಕೂಗುತ್ತಿದ್ದ: “ಬ್ಯಾಟರಿ ಆರಿಸಿದಿರಾ?” ಕೊನೆಗೆ ಹೊರಬಂದವರು ಟಾರ್ಚು ನಂದಿಸಿ “ಆರಿಸಿದ್ವಿ” ಅನ್ನುತ್ತಿದ್ದರು. ಎಲ್ಲರೂ ಹೊರಗೆ ಬಂದೆವು ಎಂದು ಅದರ ಅರ್ಥ. ಆಗ ಅವನು ತೂಬು ಎತ್ತುತ್ತಿದ್ದ.

ಕತ್ತಲಲ್ಲಿ ಇರುವವರನ್ನು ಇಲ್ಲವೆಂದು ತಿಳಿಯುವ ಈ ನಿಯಮವನ್ನು ಯಾರು ಮಾಡಿದರೋ ನನಗೆ ಗೊತ್ತಿಲ್ಲ. ಮಾಡಿದವರು ಸುರಂಗಕ್ಕೆ ಇಳಿದವರಲ್ಲ, ಅಷ್ಟು ಗೊತ್ತು.

ಆ ಕೂಲಿಗಳಲ್ಲಿ ಒಬ್ಬ ಗಂಡ, ಅವನ ಹೆಂಡತಿ. ಸುರಂಗದ ಆಚೆ ತುದಿ ಕಿರಿದು, ಅದಕ್ಕೆ ಕಬ್ಬಿಣದ ಜಾಲರಿ. ಹೆಂಡತಿ ಮೈಯಲ್ಲಿ ಸಣ್ಣವಳು. ಆದ್ದರಿಂದ ಜಾಲರಿಯ ತನಕ ಹೋಗಿ ಕೆರೆಯುವ ಕೆಲಸ ಅವಳ ಪಾಲಿಗೆ ಬಂದಿತ್ತು. ಎಲ್ಲರೂ ಹೊರಬಂದ ಮೇಲೆ ಬರುವವಳು ಅವಳು.

ಅವಳ ಟಾರ್ಚಿನ ಬ್ಯಾಟರಿ ಹಳತಾಗಿತ್ತು. ಬೆಳಿಗ್ಗೆ ಚಾರ್ಜು ಮಾಡಿದರೆ ಊಟದ ಹೊತ್ತಿಗೆ ಸೋಲುತ್ತಿತ್ತು. ಆದರೆ ಸೋಲುವ ಮುಂಚೆ ಮಂಕಾಗುತ್ತಿತ್ತು. ಅವಳು ಸುರಂಗದ ಬಾಯಿಗೆ ಬಂದು ಸೇರುವಷ್ಟು ಹೊತ್ತು ಕೊಡುತ್ತಿತ್ತು. ಹೊಸದು ಕೊಡಿಸಿ ಎಂದು ಮೇಸ್ತ್ರಿಯನ್ನು ಕೇಳಿದರು. “ಹೂಳು ಸರ್ಕಾರದ್ದು. ಬ್ಯಾಟರಿ ನಿಮ್ಮದು” ಎಂದ ಮೇಸ್ತ್ರಿ.

ಕೆಲಸದ ಕೊನೆಯ ದಿನ ಊಟದ ಹೊತ್ತಿನಲ್ಲಿ ಗಂಡ ಹಳೆಯ ಬ್ಯಾಟರಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಅಂಗಡಿಗೆ ಹೋದ. ಅಂಗಡಿಯವನು ಅದನ್ನು ನೋಡಿ ಎರಡು ಹೊಸವನ್ನು ಮುಂದಿಟ್ಟ. ಎರಡೂ ಅದೇ ಉದ್ದ, ಅದೇ ದಪ್ಪ. ಎರಡೂ ಚಾರ್ಜು ಮಾಡುವಂಥವು. ಒಂದರ ಮೇಲೆ ಸಣ್ಣ ಅಂಕಿ. ಇನ್ನೊಂದರ ಮೇಲೆ ಭಾರಿ ಅಂಕಿ, ಚಿನ್ನದ ಬಣ್ಣದಲ್ಲಿ.

“ಇದೇನಣ್ಣ ಅಂಕಿ?”

“ಎಷ್ಟು ಕರೆಂಟು ಹಿಡಿಯುತ್ತೆ ಅಂತ.”

“ಎರಡೂ ಒಂದೇ ಗಾತ್ರ ಅಲ್ವಾ? ಇದರೊಳಗೆ ಅಷ್ಟು ಹೆಂಗೆ ಹಿಡೀತು?”

“ಬರೆಯೋಕೆ ಜಾಗ ಹಿಡೀತಲ್ಲ ಮಾರಾಯ!” ಅಂಗಡಿಯವನು ನಕ್ಕ.

ಗಂಡನೂ ನಕ್ಕ. “ಹೆಂಡ್ತಿಗೆ ಕಣಣ್ಣ. ಒಳಗೆ ಬಲು ದೂರ ಹೋಗ್ತಾಳೆ. ದೊಡ್ಡದೇ ಕೊಡು.”

ನಿಜವನ್ನು ಅವನ ಮುಖಕ್ಕೇ ಹೇಳಲಾಗಿತ್ತು. ನಗುತ್ತ ಹೇಳಿದ್ದರಿಂದ ಅದು ಅವನಿಗೆ ತಟ್ಟಲಿಲ್ಲ.

ಅಂಗಡಿಯಲ್ಲೇ ಚಾರ್ಜಿಗೆ ಹಾಕಿಸಿದ. ಪಕ್ಕದಲ್ಲಿ ಚಹಾ ಕುಡಿದು ಬರುವಷ್ಟರಲ್ಲಿ ಹಸಿರು ದೀಪ ಬಂದಿತ್ತು. ಎಷ್ಟು ಚುರುಕು ಎಂದು ಹಿಗ್ಗಿದ. ಬೇಗ ತುಂಬಿದ್ದು ಹೊಟ್ಟೆ ಸಣ್ಣದಾದ್ದರಿಂದ ಎಂದು ಅವನಿಗೆ ಹೊಳೆಯಲಿಲ್ಲ. ಹೊಟ್ಟೆ ತುಂಬಿದ್ದನ್ನು ಅವನು ಕಂಡದ್ದೇ ಕಡಿಮೆ.

ಹೆಂಡತಿ ಟಾರ್ಚು ಒತ್ತಿ ಅಂಗೈ ಮೇಲೆ ಬೆಳಕು ಬಿಟ್ಟುಕೊಂಡಳು. “ಅಯ್ಯೋ, ನಮ್ಮ ಮದುವೇಲೂ ಇಷ್ಟು ಬೆಳಕಿರಲಿಲ್ಲ!” ಎಂದಳು. ನಗುತ್ತ ಒಳಗೆ ಹೋದಳು.

ದಿಬ್ಬದ ಮೇಲೆ ಅವನನ್ನು ಎಲ್ಲರೂ ಕಾಡಿದರು. “ಏನಪ್ಪಾ, ಬ್ಯಾಟರಿ ಆರಿಸಿದೆಯಾ? ಹೆಣ್ಣು ಆರಿಸೋವಾಗಲೂ ಇಷ್ಟು ಹೊತ್ತು ತಗೊಂಡಿರಲಿಲ್ಲವಲ್ಲೋ!” ಬುಟ್ಟಿ ಸುರಿಯಲು ಬಂದವರೆಲ್ಲ ಅದನ್ನೇ ಕೇಳಿದರು. ಅವನೂ ಪ್ರತಿ ಸಲ ಅಂಕಿ ಹೇಳಿ ಎದೆಯುಬ್ಬಿಸಿದ.

ಸಂಜೆ ನೀರು ಬಿಡುವ ಸಮಾರಂಭ. ಆಳು ಎಣಿಸಬೇಕಾದ ಮೇಸ್ತ್ರಿ ಹಾರ ತರಲು ಹೋಗಿದ್ದ. ಮೈಕಿನಲ್ಲಿ ಹಾಡು ಹಾಕಿದ್ದರು. ದೊಡ್ಡವರು ತಡವಾಗಿ ಬಂದರು, ಬಂದ ಮೇಲೆ ಅವಸರ ಮಾಡಿದರು. ಕೂಲಿಗಳು ಬುಟ್ಟಿ ತೊಳೆದಿಟ್ಟು ಮಿಠಾಯಿಯ ಸಾಲಿನಲ್ಲಿ ನಿಂತರು. ಗಂಡನೊಬ್ಬನೇ ದಿಬ್ಬದ ಮೇಲೆ ಉಳಿದು ಮರಳು ಸರಿಸುತ್ತಿದ್ದ. ಹೆಂಡತಿ ಬಂದ ಮೇಲೆ ಜೊತೆಯಾಗಿ ಹೋಗೋಣ ಎಂದುಕೊಂಡಿದ್ದ.

ತೂಬು ಕಾಯುವವನು ಬಗ್ಗಿ ನೋಡಿದ. ಸುರಂಗದಲ್ಲಿ ಕತ್ತಲೆ. ಒಳಗೆ ಹೊಸ ಬ್ಯಾಟರಿ ಮಂಕಾಗಲೂ ಇಲ್ಲ, ಒಂದೇ ಸಲಕ್ಕೆ ಹೋಗಿತ್ತು. ಅವಳು ಗೋಡೆ ತಡವುತ್ತ ಬರುತ್ತಿದ್ದಳು. ಕೂಗಿದ್ದಳೋ ಏನೋ. ಮೈಕು ಹಾಡುತ್ತಿತ್ತು.

“ಬ್ಯಾಟರಿ ಆರಿಸಿದಿರಾ?” ಎಂದು ತೂಬು ಕಾಯುವವನು ಕೂಗಿದ.

ಮಧ್ಯಾಹ್ನದಿಂದ ಅದೇ ಮಾತು ಕೇಳಿ ಉಬ್ಬಿದ್ದ ಗಂಡ ದಿಬ್ಬದ ಮೇಲಿಂದ ಕೂಗಿ ಹೇಳಿದ: “ಆರಿಸಿದ್ವಿ! ಭಾರೀದನ್ನೇ ಆರಿಸಿದ್ವಿ!”

ಮೈಕಿನ ಸದ್ದಿನಲ್ಲಿ ಮೊದಲ ಮಾತಷ್ಟೇ ಕೇಳಿತು. ತೂಬು ಎದ್ದಿತು. ಜನ ಚಪ್ಪಾಳೆ ತಟ್ಟಿದರು. ದೊಡ್ಡವರು ನೀರಿಗೆ ಹೂವು ಎಸೆದರು.

ನೀರಿನ ಮೊರೆತ ಕಿವಿಗೆ ಬಿದ್ದಾಗ ಗಂಡನಿಗೆ ತಾನು ಆಡಿದ ಮಾತು ಏನೆಂದು ತಿಳಿಯಿತು. ಮುಚ್ಚಿ, ಮುಚ್ಚಿ ಎಂದು ಕಿರುಚುತ್ತ ಓಡಿದ. ಹಾರ ಹಾಕಿಸಿಕೊಂಡವರ ಮೈಮೇಲೆ ಬಿದ್ದ ಎಂದು ಅವನನ್ನು ಹಿಡಿದು ನೆಲಕ್ಕೆ ಕೂರಿಸಿದರು. ಕುಡಿದಿದ್ದಾನೆ ಎಂದರು. ಅವನು ಹೇಳುತ್ತಿದ್ದದ್ದು ಅರ್ಥವಾಗುವ ಹೊತ್ತಿಗೆ ಸುರಂಗ ತುಂಬಿ ಹರಿಯುತ್ತಿತ್ತು.

ಮರುದಿನ ನೀರು ಇಳಿಸಿ, ಜಾಲರಿಗೆ ಸಿಕ್ಕಿಕೊಂಡಿದ್ದ ಅವಳನ್ನು ಬಿಡಿಸಿದರು. ಮುಷ್ಟಿಯಲ್ಲಿ ಟಾರ್ಚು ಹಾಗೆಯೇ ಇತ್ತು. ಯಾರೋ ಬ್ಯಾಟರಿ ತೆಗೆದು ಚಿನ್ನದ ಹೊದಿಕೆ ಸುಲಿದರು. ತಗಡು ಬಿಚ್ಚಿದರು. ಒಳಗೆ ಕಿರುಬೆರಳಿನಷ್ಟು ಚಿಕ್ಕ ಬ್ಯಾಟರಿ. ತೂಕ ಬರಲಿ ಎಂದು ಉಳಿದ ಜಾಗಕ್ಕೆ ಮರಳು ತುಂಬಿದ್ದರು. ಅವಳು ದಿನವೂ ಹೊತ್ತು ಹಾಕಿದಂಥದೇ ಮರಳು.

ವಿಚಾರಣೆಗೆ ಬಂದವರು ಬ್ಯಾಟರಿ ಆರಿಸುವಾಗ ಎಚ್ಚರದಿಂದಿರಿ ಎಂದು ಕೂಲಿಗಳಿಗೆ ಬುದ್ಧಿ ಹೇಳಿ ಹೋದರು. ನಿಯಮವನ್ನು ಯಾರೂ ಮುಟ್ಟಲಿಲ್ಲ. ಗಂಡ ಆಮೇಲೆ ಆ ಮಾತನ್ನೇ ಬಿಟ್ಟ. ಮನೆಯ ದೀಪ ಆರಿಸು ಎಂದು ಸಹ ಅವನ ಬಾಯಿಂದ ಬರಲಿಲ್ಲ, ಉರಿದಷ್ಟು ಉರಿಯಲಿ ಎಂದು ಬಿಡುತ್ತಿದ್ದ. ಮುಂದಿನ ಬೇಸಿಗೆಗೆ ಮೇಸ್ತ್ರಿಗೆ ಸಣ್ಣ ಮೈಯ ಇನ್ನೊಬ್ಬಳು ಸಿಕ್ಕಿದಳು.

ಗುರು ಕತೆ ನಿಲ್ಲಿಸಿದ.

ಶಿಷ್ಯ ತಲೆಯಾಡಿಸಿದ. “ತಿಳಿಯಿತು ಗುರುವೇ. ಸಣ್ಣ ಅಂಕಿಯವನನ್ನೇ ಆರಿಸುತ್ತೇವೆ.”

“ಒಳಗೆ ಸತ್ತವಳ ಹೆಸರೇನು ಎಂದು ನೀನೂ ಕೇಳಲಿಲ್ಲ” ಎಂದ ಗುರು.