ಕ್ರೇನಿನ ಹನ್ನೊಂದನೇ ಷರತ್ತು

ಕಾಲುವೆ ಆಫೀಸಿನಲ್ಲಿ ಟೆಂಡರ್ ಕಾಗದ ಬರೆಯುವವಳು ಕೆಂಪಾಜಮ್ಮ. ಗಂಡ ಇಲಾಖೆಯ ಕ್ರೇನಿನಡಿ ಸಿಕ್ಕಿ ಸತ್ತ ಮೇಲೆ ಅವಳಿಗೆ ಕೊಟ್ಟ ಕೆಲಸ ಅದು. ಹೊಸ ಕ್ರೇನಿಗೆ ಟೆಂಡರ್ ಕರೆಯುವಾಗ ಇಂಜಿನಿಯರ್ ಸಾಹೇಬರು ಅವಳನ್ನು ಕರೆಸಿದರು.

"ನಮ್ಮ ಭಾಮೈದ ಲೋಕಪ್ಪನಿಗೇ ಸಿಗೋ ಹಾಗೆ ಷರತ್ತು ಬರೀರಿ. ಇಲ್ಲಾಂದ್ರೆ ನಿಮಗೆ ಎತ್ತಂಗಡಿ."

ಲೋಕಪ್ಪನದು ಗುಜರಿ ಕ್ರೇನು. ಮೇಲಿನ ಹಳದಿ ಬಣ್ಣಕ್ಕೆ ಮಾತ್ರ ಒಂದು ವಾರದ ವಯಸ್ಸು. ಕೆಂಪಾಜಮ್ಮ "ಆಗಲಿ ಸಾರ್" ಎಂದು ಹತ್ತು ಷರತ್ತನ್ನು ಅವನ ಅಳತೆಗೇ ಬರೆದಳು. ಹನ್ನೊಂದನೆಯದನ್ನು ತಾನೇ ಸೇರಿಸಿದಳು. ಸಾಹೇಬರು ಓದದೆ ಸಹಿ ಹಾಕಿದರು. ಲೋಕಪ್ಪನೂ ಓದದೆ ಪ್ರತಿ ಹಾಳೆಗೂ ಸಹಿ ಹಾಕಿದ.

ಪರೀಕ್ಷೆಯ ದಿನ ಕ್ರೇನು ತೂಬಿನ ಕಬ್ಬಿಣದ ಬಾಗಿಲನ್ನು ಎತ್ತಿ ಹಿಡಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಕೆಂಪಾಜಮ್ಮ ಕಡತ ತೆರೆದು ಓದಿದಳು.

"ಹನ್ನೊಂದು. ಎತ್ತಿದ ಭಾರದ ಕೆಳಗೆ ಟೆಂಡರುದಾರರು ಸ್ವತಃ ಐದು ನಿಮಿಷ ನಿಲ್ಲತಕ್ಕದ್ದು."

ಲೋಕಪ್ಪ ಮೇಲೆ ನೋಡಿದ. ಉಕ್ಕಿನ ಹಗ್ಗ ಕಿರ್ರೆಂದಿತು.

"ನಂಗೆ ಬಿಸಿಲು ಆಗಿಬರೋದಿಲ್ಲ" ಎಂದ.

"ಅದರ ಕೆಳಗೆ ಒಳ್ಳೆ ನೆರಳಿದೆ ಸ್ವಾಮಿ."

ಲೋಕಪ್ಪ ಟೆಂಡರನ್ನೂ ಬಿಟ್ಟ, ಕ್ರೇನನ್ನೂ ಅಲ್ಲೇ ಬಿಟ್ಟ, ಕಾರು ಹತ್ತಿ ಹೋದ.

ಸಾಹೇಬರ ಮುಖ ಕೆಂಪಾಯಿತು. "ಐದು ನಿಮಿಷ ಅಂತ ಯಾವ ನಿಯಮದಲ್ಲಿದೆ ರೀ?"

ಕೆಂಪಾಜಮ್ಮ ಕಡತ ಮುಚ್ಚಿದಳು.

"ನಿಯಮದಲ್ಲಿಲ್ಲ ಸಾರ್. ನೀವು ಸಹಿ ಹಾಕಿ ತರಿಸಿದ ಆ ಹಳೇ ಕ್ರೇನಿನ ಕೆಳಗೆ ನಮ್ಮ ಯಜಮಾನರು ನಾಲ್ಕು ನಿಮಿಷ ನಿಂತಿದ್ರು. ಅದು ಇನ್ನೊಂದು ನಿಮಿಷ ತಡೆದಿದ್ರೆ, ಊಟಕ್ಕೆ ಬರ್ತಿದ್ರು."